ಕಕ್ಕೆ ಬೀಜ ಊದಿತ್ತು, ಮೊಳೆಯಲಿಲ್ಲ

ಸಸಿ ಬೆಳೆಸುವ ನರ್ಸರಿಗೆ ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆಯಲ್ಲಿ ಎರಡು ಕಿಲೋ ಕಕ್ಕೆ ಬೀಜ ಹಾಳು ಮಾಡಿದೆ. ರಸ್ತೆ ಬದಿ ಕಕ್ಕೆಯ ಹಳದಿ ಹೂಗೊಂಚಲು ಕಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕಕ್ಕೆ ಬೀಜ ಸುಲಭಕ್ಕೆ ಸಿಗುವುದಲ್ಲ. ಕೋಲಿನಂಥ ಕಾಯಿ ಒಡೆದು, ಕಪ್ಪು ಅಂಟು ತೊಳೆದು, ಒಂದೊಂದಾಗಿ ಬಿಡಿಸಬೇಕು. ಬೀಜ ಬಿತ್ತುವ ಬೆಡ್ ನೋಡಿಕೊಳ್ಳುವ ಅಕ್ಕಂದಿರು ನಾಲ್ಕು ದಿನ ಕೂತಿದ್ದರು.

ಮೊದಲು ಎರಡು ದಿನ ತಣ್ಣೀರಲ್ಲಿ ನೆನೆಹಾಕಿದೆ. ಕಲ್ಲಿನಂತೆಯೇ ಉಳಿಯಿತು. ಸಿಪ್ಪೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಬಿಸಿನೀರು ಕೊಡಬೇಕು ಅಂತ ಗೊತ್ತಿತ್ತು. ಎಷ್ಟು ಬಿಸಿ, ಎಷ್ಟು ಹೊತ್ತು? ಥರ್ಮಾಮೀಟರ್ ಇರಲಿಲ್ಲ. ಮೇಲಿನವರು ಕೇಳುತ್ತಿದ್ದದ್ದು ಒಂದೇ, ಜೂನ್‌ಗೆ ಎಷ್ಟು ಬ್ಯಾಗ್ ಸಸಿ ರೆಡಿ?

ನೀರು ಕುದಿಯುತ್ತಿದ್ದ ಹಾಗೇ ಬೀಜ ಸುರಿದೆ. ಪಾತ್ರೆ ಒಲೆ ಮೇಲೇ ಇತ್ತು. "ಸರ್, ಇಳಿಸಿಬಿಡೋಣ" ಅಂದರು ಹಿರಿಯ ಅಕ್ಕ. "ಇನ್ನೈದು ನಿಮಿಷ ಇರಲಿ ಅಕ್ಕಾ, ಗಟ್ಟಿ ಸಿಪ್ಪೆ" ಅಂದೆ. ಕಡಲೆ ಬೇಯಿಸುವಂಥ ವಾಸನೆ ಬಂತು. ಆ ವಾಸನೆಗೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ಬೆಳಿಗ್ಗೆ ನೋಡಿದರೆ ಎಲ್ಲಾ ಬೀಜ ದಪ್ಪಗೆ ಊದಿತ್ತು. ಖುಷಿಯಿಂದ ಫೋಟೋ ತೆಗೆದು ಕಳಿಸಿದೆ. ಅಷ್ಟನ್ನೂ ಒಂದೇ ದಿನ ಬೆಡ್‌ಗೆ ಹಾಕಿಸಿದೆ. ಹನ್ನೆರಡನೇ ದಿನಕ್ಕೂ ಮೊಳಕೆ ಇಲ್ಲ. ಅಕ್ಕ ಮಣ್ಣು ಕೆದಕಿ ಒಂದು ಬೀಜ ತೆಗೆದು ಬೆರಳಲ್ಲಿ ಒತ್ತಿದರು. ಒಳಗಿಂದ ಕೊಳೆತ ತಿರುಳು ಬಂತು. ಅವರು ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋಯಿತು. ಸತ್ತ ಬೀಜವೂ ನೀರು ಕುಡಿದು ಊದುತ್ತದೆ ಅಂತ ನನಗೆ ಗೊತ್ತಾಗಿದ್ದು ಆಗ.

ಈಗ ಬೀಜದ ಯಾವ ಲಾಟ್ ಬಂದರೂ ಮೊದಲು ಐವತ್ತು ಬೀಜ ಮಾತ್ರ ಹಾಕಿ ನೋಡುತ್ತೇನೆ. ಉಗುರು ಕಟರ್‌ನಿಂದ ಸಿಪ್ಪೆ ಸ್ವಲ್ಪ ಚಿವುಟುತ್ತೇನೆ. ಕಾಯಿಗೆ ಅಂಟಿಕೊಂಡಿದ್ದ ತುದಿಯನ್ನು ಮುಟ್ಟುವುದಿಲ್ಲ, ಮೊಳಕೆ ಇರುವುದು ಅಲ್ಲೇ. ಎದುರು ತುದಿಯಲ್ಲಿ ಚಿವುಟಿ ರಾತ್ರಿ ನೆನೆಸಿದರೆ ಸಾಕು. ಕಕ್ಕೆಗೆ ನಾನು ನಂಬುವುದು ಇದನ್ನೇ. ಬಿಸಿನೀರು ಕೊಡಲೇಬೇಕಾದರೆ ಒಲೆಯಿಂದ ಇಳಿಸಿದ ಮೇಲೆ ಬೀಜ ಹಾಕಿ, ಅದೇ ನೀರಲ್ಲಿ ತಣಿಯಲು ಬಿಡುತ್ತೇನೆ. ಊದಿದ್ದನ್ನು ಆರಿಸಿ, ಉಳಿದದ್ದಕ್ಕೆ ಮತ್ತೊಮ್ಮೆ.

ಆ ವರ್ಷ ಕಕ್ಕೆ ಸಸಿ ಕೊಡಲಾಗಲಿಲ್ಲ. ಮತ್ತೆ ಕಾಯಿ ಬಲಿಯಲು ಮುಂದಿನ ಬೇಸಿಗೆವರೆಗೆ ಕಾದೆವು. ಥರ್ಮಾಮೀಟರ್ ಬೇಕು ಅಂತ ಈ ಸಲದ ಇಂಡೆಂಟ್‌ನಲ್ಲೂ, ಅಂದರೆ ಬೇಕಾದ ಸಾಮಾನಿನ ಪಟ್ಟಿಯಲ್ಲೂ, ಬರೆದಿದ್ದೇನೆ.