ಚಿಕ್ಕ ಬಾರ್‌ನಲ್ಲಿ ಲೈವ್ ಮ್ಯೂಸಿಕ್: ಬೇಗ ಹೋಗಿ, ಹತ್ತಿರ ನಿಲ್ಲಿ, ಕಿವಿ ಜೋಪಾನ

ದೊಡ್ಡ ಮೈದಾನದ ಕಾನ್ಸರ್ಟ್‌ಗೆ ಹೋಗಿ ಬಂದವರು ನನಗೆ ಗೊತ್ತಿರುವವರಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದರೆ ಚಿಕ್ಕ ಬಾರ್ ಒಂದರಲ್ಲಿ, ಬ್ಯಾಂಡ್‌ನಿಂದ ನಾಲ್ಕೇ ಹೆಜ್ಜೆ ದೂರ ನಿಂತು ಹಾಡು ಕೇಳಿದವರು ಕಮ್ಮಿ. ಯಾಕೆ ಹೋಗಲ್ಲ ಅಂತ ಕೇಳಿದರೆ, "ಅಲ್ಲಿ ಕತ್ತಲೆ, ಗಲಾಟೆ, ಹೇಗಿರಬೇಕೋ ಗೊತ್ತಾಗಲ್ಲ" ಅಂತಾರೆ. ಕಳೆದ ಗುರುವಾರ ಚಿಕ್ಕಪ್ಪನ ಮಗನನ್ನು ಕರ್ಕೊಂಡು ಅಂಥ ಜಾಗಕ್ಕೆ ಹೋಗಿ ಬಂದೆ. ಅವನು ಬೇಸ್ ಗಿಟಾರ್, ಅಂದರೆ ತಗ್ಗಿನ ಸ್ವರ ನುಡಿಸುವ ಗಿಟಾರ್, ಕಲೀತಿದ್ದಾನೆ. ಅವನಿಗೆ ಇದು ಮೊದಲ ಸಲ, ನನಗೆ ಎರಡನೇ ಸಲ. ಮೊದಲ ಸಲ ನಾನು ಹೋದಾಗ ತುಂಬ ತಪ್ಪು ಮಾಡಿದ್ದೆ. ತಡವಾಗಿ ಹೋದೆ, ಸ್ಪೀಕರ್ ಪಕ್ಕದಲ್ಲೇ ನಿಂತೆ, ವಾಪಸ್ ಬರೋದು ಹೇಗೆ ಅಂತ ಯೋಚಿಸಿರಲಿಲ್ಲ. ಎರಡು ದಿನ ಕಿವಿಯೊಳಗೆ ಸಣ್ಣಗೆ ಗುಂಯ್ ಅಂತಿತ್ತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೀತಿದ್ದೇನೆ.

ಇಂಥ ಜಾಗಕ್ಕೆ ಡೈವ್ ಬಾರ್ ಅಂತ ಹೆಸರು. 19ನೇ ಶತಮಾನದ ಅಮೆರಿಕದಲ್ಲಿ ನೆಲಮಾಳಿಗೆಯಲ್ಲಿದ್ದ ಅಗ್ಗದ ಹೆಂಡದಂಗಡಿಗಳನ್ನು ಹಾಗೆ ಕರೀತಿದ್ದರು. ಆಗ ಅದು ಬೈಗುಳ. ಈಗ ಪ್ರೀತಿಯಿಂದ ಹೇಳ್ತಾರೆ. ಥಳುಕು ಇರಲ್ಲ, ಗೋಡೆ ತುಂಬ ಹಳೇ ಪೋಸ್ಟರ್, ಕುರ್ಚಿಗಳು ಒಂದೊಂದು ಒಂದೊಂದು ಥರ. ನಾವು ಹೋದ ಕಡೆಯೂ ಅಷ್ಟೇ. ಕಡಿದಾದ ಮೆಟ್ಟಿಲು ಇಳಿದು ಕೆಳಗೆ ಹೋಗಬೇಕು. ಕೈ ಎತ್ತಿದರೆ ಸೂರು ಸಿಗುತ್ತೆ. ಸ್ಟೇಜ್ ಅಂದರೆ ಒಂದು ಅಡಿ ಎತ್ತರದ ಹಲಗೆ, ಅದರ ಮೇಲೆ ಸವೆದ ಕಾರ್ಪೆಟ್.

ಮೊದಲ ಮಾತು, ವಾರದ ನಡುವಿನ ದಿನ ಆರಿಸಿಕೊಳ್ಳಿ. ಶನಿವಾರ ಬರುವವರಲ್ಲಿ ಅರ್ಧ ಜನ ಮಾತಾಡೋಕೆ ಬಂದಿರ್ತಾರೆ. ಗುರುವಾರ ಬರುವವರು ಹಾಡಿಗೇ ಬಂದಿರ್ತಾರೆ. ಹೋಗುವ ಮೊದಲು ಆ ರಾತ್ರಿ ಯಾರು ನುಡಿಸ್ತಾರೆ, ಪ್ರವೇಶಕ್ಕೆ ದುಡ್ಡು ಇದೆಯಾ, ವಯಸ್ಸಿನ ಮಿತಿ ಎಷ್ಟು, ಇಷ್ಟನ್ನು ವಿಚಾರಿಸಿ. ಗುರುತಿನ ಚೀಟಿ ಜೇಬಲ್ಲಿರಲಿ. ಸ್ವಲ್ಪ ಚಿಲ್ಲರೆ ನೋಟೂ ಇರಲಿ. ಅದು ಯಾಕೆ ಅಂತ ಆಮೇಲೆ ಹೇಳ್ತೀನಿ.

ಎರಡನೇ ಮಾತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಬೇಗ ಹೋಗಿ. ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಜಾಗ ಸಿಗುತ್ತೆ ಅನ್ನೋದಷ್ಟೇ ಅಲ್ಲ, ಸೌಂಡ್ ಚೆಕ್, ಅಂದರೆ ಶುರುವಾಗೋ ಮೊದಲು ವಾದ್ಯಗಳ ಸದ್ದು ಹೊಂದಿಸೋದು, ನೋಡೋಕೆ ಸಿಗಬಹುದು. ನಮಗೆ ಸಿಕ್ಕಿತು. ಡ್ರಮ್ಮರ್ ಒಬ್ಬರೇ ಕೂತು ಕಿಕ್ ಡ್ರಮ್ ಅನ್ನು ಧಬ್, ಧಬ್, ಧಬ್ ಅಂತ ಐದು ನಿಮಿಷ ಒದ್ದರು. ಮೂಲೆಯಲ್ಲಿ ಮಿಕ್ಸರ್, ಅಂದರೆ ಎಲ್ಲ ವಾದ್ಯಗಳ ಸದ್ದನ್ನು ಹೊಂದಿಸುವ ಯಂತ್ರದ ಮುಂದೆ ಕೂತಿದ್ದ ಸೌಂಡ್‌ನವರು ಒಂದೊಂದೇ ಗುಂಡಿ ತಿರುಗಿಸ್ತಾ ಇದ್ದರು. ಆಮೇಲೆ ಬೇಸ್ ನುಡಿಸುವವರು ಬಂದು ಒಂದೇ ಸ್ವರ ಹಿಡಿದರು. ಆಗ ಒಂದು ವಿಚಿತ್ರ ಆಯಿತು. ಯಾರೂ ಮುಟ್ಟದಿದ್ದರೂ ಸ್ನೇರ್ ಡ್ರಮ್ ಝರ್ರ್ ಅಂತ ತಾನೇ ಸದ್ದು ಮಾಡಿತು. ಚಿಕ್ಕಪ್ಪನ ಮಗ ನನ್ನ ತೋಳು ಹಿಡ್ಕೊಂಡು, "ಅಣ್ಣಾ, ಅದು ಯಾರು ಬಾರಿಸಿದ್ದು?" ಅಂದ.

ಯಾರೂ ಬಾರಿಸಿರಲಿಲ್ಲ. ಸ್ನೇರ್ ಡ್ರಮ್ಮಿನ ಕೆಳಗಿನ ಚರ್ಮಕ್ಕೆ ತಾಗಿಕೊಂಡು ಸಣ್ಣ ಸುರುಳಿ ತಂತಿಗಳು ಇರ್ತವೆ. ಬೇಸ್‌ನ ಸ್ವರ ಡ್ರಮ್ಮಿನ ಸ್ವಂತ ಕಂಪನಕ್ಕೆ ಹೊಂದಿಕೊಂಡರೆ ಚರ್ಮ ನಡುಗುತ್ತೆ, ತಂತಿ ಜೊತೆಗೆ ಗುನುಗುತ್ತೆ. ರೆಕಾರ್ಡಿಂಗ್‌ನಲ್ಲಿ ಇದನ್ನು ಸಾಮಾನ್ಯವಾಗಿ ಕೇಳಿಸದ ಹಾಗೆ ಮಾಡಿಬಿಡ್ತಾರೆ. ಇಲ್ಲಿ ಕಣ್ಣೆದುರೇ ನಡೆಯಿತು. ವಾದ್ಯಗಳು ಒಂದನ್ನೊಂದು ಕೇಳಿಸಿಕೊಳ್ತವೆ ಅನ್ನೋದು ನನಗೆ ಅವತ್ತು ಅರ್ಥವಾಯಿತು. ಚಿಕ್ಕ ಜಾಗಕ್ಕೆ ಹೋಗಬೇಕಾದದ್ದೇ ಇದಕ್ಕೆ. ಹಾಡು ತಯಾರಾಗಿ ಬರಲ್ಲ, ನಿಮ್ಮೆದುರೇ ತಯಾರಾಗುತ್ತೆ.

ಇನ್ನು ಎಲ್ಲಿ ನಿಲ್ಲಬೇಕು ಅನ್ನೋದು. ಮೊದಲ ಸಲ ನಾನು ಸ್ಪೀಕರ್‌ಗೆ ಮೈ ತಾಗಿಸಿ ನಿಂತಿದ್ದೆ. ಅಲ್ಲಿ ಬರೀ ಅಬ್ಬರ, ಹಾಡಿನ ಮಾತೇ ತಿಳಿಯಲಿಲ್ಲ. ಗೋಡೆಯ ಮೂಲೆಯೂ ಬೇಡ. ಬೇಸ್ ಗಿಟಾರ್‌ನ ಎಲ್ಲಕ್ಕಿಂತ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಅಂದರೆ ಸೆಕೆಂಡಿಗೆ 41 ಕಂಪನ. ಅದರ ಒಂದು ಅಲೆಯ ಉದ್ದವೇ 8 ಮೀಟರ್‌ಗಿಂತ ಜಾಸ್ತಿ. ಅಷ್ಟು ಉದ್ದದ ಅಲೆ ಚಿಕ್ಕ ಕೋಣೆಯ ಗೋಡೆಗೆ ಬಡಿದು ಮೂಲೆಯಲ್ಲಿ ಸೇರಿಕೊಳ್ಳುತ್ತೆ. ಅಲ್ಲಿ ನಿಂತರೆ ಬೇಸ್ ಮಾತ್ರ ಎದೆ ಗುದ್ದುತ್ತೆ, ಬೇರೆಲ್ಲ ಮಸುಕು. ಒಳ್ಳೇ ಜಾಗ ಅಂದರೆ ಮಿಕ್ಸರ್ ಇಟ್ಟಿರುವ ಕಡೆ, ಅದರ ಸ್ವಲ್ಪ ಮುಂದೆ. ಸೌಂಡ್‌ನವರು ಅಲ್ಲಿ ಕೇಳಿಸೋದನ್ನೇ ನಂಬಿ ಗುಂಡಿ ತಿರುಗಿಸ್ತಾರೆ. ನಾವು ಮೊದಲ ಬ್ಯಾಂಡ್ ಅನ್ನು ಅಲ್ಲಿಂದ ಕೇಳಿದೆವು. ಎರಡನೇ ಬ್ಯಾಂಡ್‌ಗೆ ಮುಂದೆ ಹೋದೆವು, ಕೈಬೆರಳು ಓಡೋದು ನೋಡಬೇಕಿತ್ತು.

ಜನ ತುಂಬಿದ ಮೇಲೆ ಸದ್ದಿನ ರೂಪವೇ ಬದಲಾಗುತ್ತೆ. ಖಾಲಿ ಕೋಣೆಯಲ್ಲಿ ಸಿಂಬಲ್, ಅಂದರೆ ಡ್ರಮ್ ಜೊತೆಗಿನ ಲೋಹದ ತಟ್ಟೆ, ಕಿವಿಗೆ ಚುಚ್ಚುತ್ತಿತ್ತು. ಐವತ್ತು ಅರವತ್ತು ಜನ ಬಂದು ನಿಂತಾಗ ಅವರ ಮೈ, ಬಟ್ಟೆಗಳೇ ಆ ಚೂಪನ್ನು ಹೀರಿಕೊಂಡವು. ಹಾಗಾಗಿ ಮೊದಲ ಎರಡು ಹಾಡು ಕಿವಿಗೆ ಒರಟು ಅನ್ನಿಸಿದರೆ ಬೇಜಾರಾಗಬೇಡಿ, ಸ್ವಲ್ಪ ತಡೀರಿ.

ಈಗ ಕಿವಿಯ ವಿಷಯ. ಇದನ್ನು ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯೊಂದರ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತೆ. 100 ಡೆಸಿಬಲ್‌ಗೆ ಬಂದರೆ 15 ನಿಮಿಷ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಸರಾಸರಿ 100 ಡೆಸಿಬಲ್ ದಾಟಬಾರದು ಅಂತ ಹೇಳಿದೆ. ನಾನು ಫೋನಿನಲ್ಲಿ ಅಳೆದು ನೋಡಿದೆ. ಮಿಕ್ಸರ್ ಹತ್ತಿರ 96, ಸ್ಟೇಜ್ ಮುಂದೆ 103 ತೋರಿಸಿತು. ಫೋನಿನ ಅಳತೆ ಅಷ್ಟು ಕರಾರುವಾಕ್ಕಲ್ಲ, ಆದರೂ ಎಚ್ಚರಿಕೆಗೆ ಸಾಕು. ಮೂರು ಬ್ಯಾಂಡ್ ಅಂದರೆ ಎರಡೂವರೆ ಗಂಟೆ. ಬರಿಗಿವಿಯಲ್ಲಿ ನಿಲ್ಲೋದು ಬೇಡವೇ ಬೇಡ.

ಹತ್ತಿ ತುರುಕಿಕೊಂಡರೆ ಹೆಚ್ಚೇನೂ ಪ್ರಯೋಜನ ಇಲ್ಲ. ಫೋಮ್ ಇಯರ್‌ಪ್ಲಗ್ ಸಾಕು, ಆದರೆ ಹಾಕೋ ಕ್ರಮ ಗೊತ್ತಿರಬೇಕು. ಬೆರಳುಗಳ ನಡುವೆ ಉರುಳಿಸಿ ಬತ್ತಿಯ ಹಾಗೆ ತೆಳ್ಳಗೆ ಮಾಡಿ. ಇನ್ನೊಂದು ಕೈ ತಲೆ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಪ್ಲಗ್ ಒಳಗೆ ತೂರಿಸಿ, ಅದು ಉಬ್ಬಿಕೊಳ್ಳೋ ತನಕ, ಅಂದರೆ 20ರಿಂದ 30 ಸೆಕೆಂಡ್, ಬೆರಳಿಂದ ಒತ್ತಿ ಹಿಡೀರಿ. ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಹೊರಗೆ ಜಾರುತ್ತೆ. ಫೋಮ್‌ನಲ್ಲಿ ಮೇಲಿನ ಸ್ವರಗಳೇ ಹೆಚ್ಚು ತಗ್ಗಿ ಹಾಡು ಸ್ವಲ್ಪ ಮಂಕಾಗುತ್ತೆ. ಆಗಾಗ ಹೋಗುವ ಮನಸ್ಸಿದ್ದರೆ ಸಂಗೀತಗಾರರಿಗೆ ಅಂತಲೇ ಮಾಡಿದ ಪ್ಲಗ್ ತಗೊಳ್ಳಿ. ಅದು ಎಲ್ಲ ಸ್ವರಗಳನ್ನೂ ಹೆಚ್ಚುಕಮ್ಮಿ ಸಮವಾಗಿ ತಗ್ಗಿಸುತ್ತೆ. ನಾನು ಎರಡು ಜೊತೆ ಜಾಸ್ತಿ ಇಟ್ಕೊಂಡಿದ್ದೆ. ಪಕ್ಕದಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದ ಹುಡುಗಿಗೆ ಒಂದು ಜೊತೆ ಕೊಟ್ಟೆ. "ಥ್ಯಾಂಕ್ಸ್ ಅಣ್ಣಾ" ಅಂದು ಹಾಕ್ಕೊಂಡು, ಕೊನೇ ತನಕ ಅಲ್ಲೇ ನಿಂತಳು.

ಕುಡಿಯೋದರ ಬಗ್ಗೆ ಉದ್ದ ಭಾಷಣ ಬೇಡ. ಒಂದು ಡ್ರಿಂಕ್, ಆಮೇಲೆ ಒಂದು ಲೋಟ ನೀರು, ಇದು ನಮ್ಮ ಲೆಕ್ಕ. ಒಂದು ಡ್ರಿಂಕ್ ಮೈಯಿಂದ ಇಳಿಯೋಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು, ಕಾಫಿ ಕುಡಿದರೆ ಬೇಗ ಇಳಿಯಲ್ಲ. ಗಾಡಿ ತರಲೇಬೇಡಿ. ಕುಡಿಯದವರೂ ಧಾರಾಳವಾಗಿ ಹೋಗಬಹುದು. ಚಿಕ್ಕಪ್ಪನ ಮಗ ಇಡೀ ರಾತ್ರಿ ಸೋಡಾ ಕುಡಿದ, ಯಾರೂ ಏನೂ ಕೇಳಲಿಲ್ಲ. ಆದರೆ ಏನಾದರೂ ಒಂದು ತಗೊಳ್ಳಿ. ಇಂಥ ಜಾಗಗಳ ಬಾಡಿಗೆ ಬಹುಪಾಲು ಹುಟ್ಟೋದು ಕೌಂಟರ್‌ನಲ್ಲೇ. ಆರ್ಡರ್ ಕೊಡೋದು ಹಾಡುಗಳ ನಡುವೆ ಇರಲಿ. ಮೆಲ್ಲಗಿನ ಹಾಡು ನಡೀತಿರುವಾಗ ಗ್ಲಾಸ್, ಐಸ್ ಸದ್ದು ಇಡೀ ಕೋಣೆಗೆ ಕೇಳಿಸುತ್ತೆ.

ಮೊದಲು ನುಡಿಸುವ ಬ್ಯಾಂಡ್ ಅನ್ನು ಬಿಡಬೇಡಿ. ತುಂಬ ಜನ ಮುಖ್ಯ ಬ್ಯಾಂಡ್ ಹೊತ್ತಿಗೆ ಬರ್ತಾರೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಹೆಸರಿಲ್ಲದವರನ್ನು ಕೇಳೋಕೆ ಯಾರೋ ಬಂದಿದ್ದರಿಂದಲೇ ಅಲ್ವಾ ದೊಡ್ಡ ಹೆಸರುಗಳು ಹುಟ್ಟಿದ್ದು? ಇಂಗ್ಲೆಂಡಿನ ಲಿವರ್‌ಪೂಲ್‌ನ ಕ್ಯಾವರ್ನ್ ಕ್ಲಬ್ 1957ರಲ್ಲಿ ಜಾಜ್‌ಗೆ ಅಂತ ಶುರುವಾದ ನೆಲಮಾಳಿಗೆ. 1961ರಿಂದ 1963ರ ನಡುವೆ ಬೀಟಲ್ಸ್ ಅಲ್ಲಿ ಸುಮಾರು 290 ಸಲ ನುಡಿಸಿದರು. ನ್ಯೂಯಾರ್ಕ್‌ನ ಸಿಬಿಜಿಬಿ ಅನ್ನೋ ಕ್ಲಬ್ 1973ರಲ್ಲಿ ಬಾಗಿಲು ತೆರೆದಾಗ ಆ ಹೆಸರು ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಅನ್ನೋ ಮೂರು ಬಗೆಯ ಸಂಗೀತದ್ದು. ಆದರೆ ಅಲ್ಲಿ ಬೆಳೆದದ್ದು ಪಂಕ್ ಅನ್ನೋ ಒರಟು ರಾಕ್ ಸಂಗೀತ. ರಾಮೋನ್ಸ್, ಟಾಕಿಂಗ್ ಹೆಡ್ಸ್, ಬ್ಲಾಂಡಿ ಎಲ್ಲ ಅಲ್ಲಿಂದ ಮೇಲೆ ಬಂದವರು. 2006ರಲ್ಲಿ ಅದು ಮುಚ್ಚಿತು. ಅವತ್ತಿನ ರಾತ್ರಿಗಳಲ್ಲಿ ತಡವಾಗಿ ಬಂದವರು ಏನು ಕಳ್ಕೊಂಡರು ಅಂತ ಯೋಚಿಸಿ.

ನಮಗೆ ಮೊದಲು ಸಿಕ್ಕಿದ್ದು ಮೂರು ಜನರ ಬ್ಯಾಂಡ್. ಮೂರನೇ ಹಾಡಿನ ನಡುವೆ ಗಿಟಾರ್‌ನ ತಂತಿ ಟಣ್ ಅಂತ ಕಿತ್ತುಬಂತು. ಗಿಟಾರ್ ನುಡಿಸ್ತಿದ್ದ ಹುಡುಗನ ಮುಖ ಬಿಳಿಚಿಕೊಂಡಿತು. ಆದರೆ ಬೇಸ್‌ನವರು ನಿಲ್ಲಿಸಲಿಲ್ಲ. ಡ್ರಮ್ಮರ್ ಅವರನ್ನು ನೋಡಿ ತಲೆ ಆಡಿಸಿದರು. ಇಬ್ಬರೇ ಅದೇ ತಾಳವನ್ನು ಹಿಡಿದು ಸುತ್ತುತ್ತಾ ಹೋದರು. ಆ ಹುಡುಗ ನೆಲದ ಮೇಲೆ ಕೂತು, ಫೋನ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹೊಸ ತಂತಿ ಸುತ್ತಿದ. ಕೈ ನಡುಗ್ತಾ ಇತ್ತು. ತಂತಿಯ ತುದಿ ಬೆರಳಿಗೆ ಚುಚ್ಚಿ ಸಣ್ಣ ರಕ್ತದ ಹನಿ ಬಂತು, ಜೀನ್ಸ್‌ಗೆ ಒರೆಸಿಕೊಂಡ. ನಾವೆಲ್ಲ ಚಪ್ಪಾಳೆಯಲ್ಲಿ ತಾಳ ಹಾಕ್ತಿದ್ದೆವು. ಮೂರು ನಿಮಿಷ ಆಗಿರಬಹುದು. ಎದ್ದು ನಿಂತು ಸರಿಯಾಗಿ ಎಲ್ಲಿ ಬಿಟ್ಟಿದ್ದನೋ ಅಲ್ಲಿಂದಲೇ ಹಾಡು ಎತ್ತಿಕೊಂಡ. ಇಡೀ ರಾತ್ರಿಯಲ್ಲಿ ಅಷ್ಟು ದೊಡ್ಡ ಕೂಗು ಮತ್ತೆ ಬರಲಿಲ್ಲ. ಆಗ ಕೋಣೆಯಲ್ಲಿದ್ದದ್ದು ಇಪ್ಪತ್ತೇ ಜನ.

ಇಂಥ ಹೊತ್ತಿನಲ್ಲಿ ಫೋನ್ ಕೆಳಗಿರಲಿ. ಒಂದು ಫೋಟೋ ತೆಗೆದರೆ ತಪ್ಪಿಲ್ಲ, ಫ್ಲಾಶ್ ಮಾತ್ರ ಬೇಡ. ಹಿಂದೆ ನಿಂತವರಿಗೆ ನಿಮ್ಮ ಪರದೆಯೇ ಕಾಣುತ್ತೆ. ಮಾತಾಡಬೇಕಿದ್ದರೆ ಹಿಂದಕ್ಕೆ ಹೋಗಿ. ಮುಂದೆ ನಿಂತು ಕಿರುಚಿ ಮಾತಾಡಿದರೆ ಅದು ಹಾಡುವವರಿಗೂ ಕೇಳಿಸುತ್ತೆ. ಅಂದ ಹಾಗೆ, ಹಾಡುವವರ ಮೈಕ್ ಅನ್ನು ಸರಿಯಾಗಿ ನೋಡಿ. ಹೆಚ್ಚು ಕಡೆ ಸಿಗೋದು ಶೂರ್ ಎಸ್‌ಎಂ58. 1966ರಲ್ಲಿ ಬಂದದ್ದು, ಇವತ್ತಿಗೂ ಅದೇ. ಅದು ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿಯುತ್ತೆ, ಹಿಂದಿನಿಂದ ಬರೋದನ್ನು ಬಹಳ ಮಟ್ಟಿಗೆ ಬಿಟ್ಟುಬಿಡುತ್ತೆ. ಅದಕ್ಕೇ ಹಾಡುವವರಿಗೆ ತಮ್ಮ ದನಿ ಕೇಳಿಸಲು ಇಡುವ ಸ್ಪೀಕರ್ ಅನ್ನು ಮೈಕ್‌ನ ಬೆನ್ನ ಕಡೆ ಇಟ್ಟಿರ್ತಾರೆ. ಉತ್ಸಾಹದಲ್ಲಿ ಯಾರಾದರೂ ಮೈಕ್‌ನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಆ ಗುಣ ಕೆಡುತ್ತೆ, ಕೀಂಯ್ ಅಂತ ಕೂಗು ಏಳುತ್ತೆ. ಎರಡನೇ ಬ್ಯಾಂಡ್‌ನಲ್ಲಿ ಎರಡು ಸಲ ಹಾಗಾಯಿತು. ಸೌಂಡ್‌ನವರು ಕೈಸನ್ನೆ ಮಾಡಿದ ಮೇಲೆ ಹಾಡುವವರು ಹಿಡಿ ಬದಲಿಸಿದರು, ಕೂಗು ನಿಂತಿತು.

ಚಿಲ್ಲರೆ ನೋಟಿನ ವಿಷಯಕ್ಕೆ ಬರೋಣ. ಸ್ಟೇಜ್ ಪಕ್ಕ ಒಂದು ಡಬ್ಬ ಇರುತ್ತೆ, ಇಲ್ಲದಿದ್ದರೆ ಯಾರೋ ಟೋಪಿ ಹಿಡ್ಕೊಂಡು ಬರ್ತಾರೆ. ಪ್ರವೇಶಕ್ಕೆ ದುಡ್ಡಿಲ್ಲದ ರಾತ್ರಿಗಳಲ್ಲಿ ಎಷ್ಟೋ ಸಲ ನುಡಿಸುವವರಿಗೆ ಕೈಗೆ ಸಿಗೋದು ಅದೇ. ಒಂದು ಡ್ರಿಂಕ್‌ಗೆ ಎಷ್ಟು ಕೊಟ್ಟಿರೋ ಅಷ್ಟನ್ನಾದರೂ ಹಾಕಿ. ಟಿ-ಶರ್ಟ್, ಸಿಡಿ ಮಾರೋಕೆ ಇಟ್ಟಿದ್ದರೆ ಒಂದು ತಗೊಳ್ಳಿ. ನಾವು ಮೊದಲ ಬ್ಯಾಂಡ್‌ನ ಸಿಡಿ ತಗೊಂಡೆವು, ಮನೆಯಲ್ಲಿ ಅದನ್ನು ಹಾಕೋಕೆ ಪ್ಲೇಯರ್ ಇಲ್ಲದಿದ್ದರೂ.

ಮುಗಿದ ತಕ್ಷಣ ಓಡಬೇಡಿ. ಹತ್ತು ನಿಮಿಷ ಬಿಟ್ಟು ಹೋಗಿ ಮಾತಾಡಿಸಿ. ತಂತಿ ಸುತ್ತುತ್ತಾ, ಕೇಬಲ್ ಮಡಚುತ್ತಾ ಇರ್ತಾರೆ, ಆ ಹೊತ್ತಿನಲ್ಲಿ ಮಾತು ಚೆನ್ನಾಗಿ ಬರುತ್ತೆ. ಚಿಕ್ಕಪ್ಪನ ಮಗ ಹಿಂಜರಿಯುತ್ತಲೇ ಬೇಸ್‌ನವರ ಹತ್ತಿರ ಹೋಗಿ, "ಸರ್, ತಂತಿ ಹರಿದಾಗ ನೀವು ಯಾಕೆ ನಿಲ್ಲಿಸಲಿಲ್ಲ?" ಅಂತ ಕೇಳಿದ. ಅವರು ನಕ್ಕು, "ನಿಲ್ಲಿಸಿದ್ದರೆ ಅವನು ಇನ್ನೂ ಹೆದರ್ತಿದ್ದ ಕಣೋ. ಬಾ, ಇದನ್ನು ಸ್ವಲ್ಪ ಹಿಡ್ಕೋ" ಅಂದರು. ಅದು ಅವರ ಬೇಸ್ ಸ್ಪೀಕರ್ ಪೆಟ್ಟಿಗೆ. ಇಬ್ಬರೂ ಸೇರಿ ಆ ಕಡಿದಾದ ಮೆಟ್ಟಿಲ ಮೇಲೆ ಅದನ್ನು ಹತ್ತಿಸಿದರು. ನಾನು ಹಿಂದಿನಿಂದ ಸಿಂಬಲ್ ಚೀಲ ಹೊತ್ತೆ. ಪ್ರತಿ ಮೆಟ್ಟಿಲಿಗೂ "ಒಂದು, ಎರಡು, ಎತ್ತು" ಅಂತ ಅವರು ಎಣಿಸ್ತಿದ್ದರು.

ವಾಪಸ್ ಬರೋದನ್ನು ಹೋಗುವ ಮೊದಲೇ ಗಟ್ಟಿ ಮಾಡ್ಕೊಳ್ಳಿ. ಮುಖ್ಯ ಬ್ಯಾಂಡ್ ಹೇಳಿದ ಹೊತ್ತಿಗಿಂತ ಅರ್ಧ ಮುಕ್ಕಾಲು ಗಂಟೆ ತಡವಾಗಿಯೇ ಹತ್ತುತ್ತೆ. ಕೊನೇ ಬಸ್ಸನ್ನು ನಂಬಿ ಕೂತರೆ ಒಂದೋ ಹಾಡು ತಪ್ಪುತ್ತೆ, ಇಲ್ಲ ಬಸ್ಸು ತಪ್ಪುತ್ತೆ. ಮೊದಲ ಸಲ ನನಗೆ ಬಸ್ಸು ತಪ್ಪಿತ್ತು, ಒಂದೂವರೆ ಗಂಟೆ ನಡೆದಿದ್ದೆ. ಈ ಸಲ ಟ್ಯಾಕ್ಸಿಗೆ ಮೊದಲೇ ಹೇಳಿಟ್ಟಿದ್ದೆ. ಫೋನ್ ಚಾರ್ಜ್ ಇರಲಿ, ಬೆವರಿದ ಮೈಗೆ ಹೊರಗಿನ ಗಾಳಿ ಚುಚ್ಚುತ್ತೆ, ಒಂದು ತೆಳು ಜಾಕೆಟ್ ಇರಲಿ.

ಮನೆಗೆ ಬಂದು ಮಲಗಿದಾಗ ರಾತ್ರಿ ಒಂದೂವರೆ. ಕಣ್ಣು ಮುಚ್ಚಿ ಕಿವಿಗೊಟ್ಟೆ. ಹೋದ ಸಲದ ಗುಂಯ್ ಇರಲಿಲ್ಲ. ಪಕ್ಕದ ಕೋಣೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. ಅದರ ಜೊತೆಗೆ ಚಿಕ್ಕಪ್ಪನ ಮಗ ಮಂಚದ ಹಲಗೆ ಮೇಲೆ ಬೆರಳಲ್ಲಿ ಆ ಮೂರನೇ ಹಾಡಿನ ತಾಳ ಹಾಕ್ತಿದ್ದದ್ದೂ ಕೇಳಿಸಿತು.