ಫರ್ನೇಸ್‌ಗೂ ನೀರಿಗೂ ನಡುವೆ

ಹೊಸೂರಿನಲ್ಲಿ ಅಲ್ಯೂಮಿನಿಯಂ ಬಿಡಿಭಾಗಗಳಿಗೆ ಹೀಟ್ ಟ್ರೀಟ್‌ಮೆಂಟ್ ಮಾಡುವ ಕಡೆ ನನ್ನ ಕೆಲಸ. ಬಾಗಲೂರು, ದೇನ್ಕನಿಕೋಟೆ ಕಡೆಯಿಂದ ಹೊಸದಾಗಿ ಬರುವ ಹುಡುಗರಿಗೆ ಕುಲುಮೆ ಗೊತ್ತು. ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿದರೆ ಗಟ್ಟಿಯಾಗುತ್ತೆ, ಅಲ್ವಾ? ಅಲ್ಯೂಮಿನಿಯಂ ಹಾಗಲ್ಲ. ನೀರಿನಿಂದ ತೆಗೆದಾಗ ಇನ್ನೂ ಮೆತ್ತಗೇ ಇರುತ್ತದೆ. ಸೊಟ್ಟಗಾಗಿದ್ದರೆ ನೆಟ್ಟಗೆ ಮಾಡಿಕೊಳ್ಳಲು ಅದೇ ಸರಿಯಾದ ಹೊತ್ತು. ಗಟ್ಟಿಯಾಗುವುದು ಆಮೇಲೆ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಇದನ್ನು ಕಂಡುಕೊಂಡದ್ದೂ ಹಾಗೇ: ತಾಮ್ರ ಬೆರೆಸಿದ ಅಲ್ಯೂಮಿನಿಯಂ ತುಂಡು ಸುಮ್ನೆ ಇಟ್ಟಲ್ಲೇ ಗಟ್ಟಿಯಾಗಿತ್ತು.

ನಮ್ಮಲ್ಲಿ ಜಾಸ್ತಿ ಬರುವುದು 6061 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ. ಅದರಲ್ಲಿ ಮೆಗ್ನೀಷಿಯಂ, ಸಿಲಿಕಾನ್ ಸೇರಿದರೂ ನೂರಕ್ಕೆ ಎರಡು ಪಾಲು ದಾಟುವುದಿಲ್ಲ. ಸುಮಾರು 530 ಡಿಗ್ರಿಯಲ್ಲಿ ಇವು ಅಲ್ಯೂಮಿನಿಯಂ ಒಳಗೆ ಕರಗುತ್ತವೆ. ತಟ್ಟನೆ ತಣ್ಣಗಾದರೆ ಕರಗಿದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮತ್ತೆ 175 ಡಿಗ್ರಿಯಲ್ಲಿ 8 ಗಂಟೆ ಇಟ್ಟರೆ (ಇದಕ್ಕೆ ಏಜಿಂಗ್ ಅಂತೀವಿ), ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಎಲ್ಲ ಕಡೆ ಹರಡಿಕೊಳ್ಳುತ್ತದೆ. ಲೋಹ ಬಾಗಬೇಕಾದರೆ ಒಳಗೆ ಪರಮಾಣುಗಳ ಸಾಲುಗಳು ಜಾರಬೇಕು. ಆ ಜಾರುವ ದಾರಿಗೆ ಈ ಕಣಗಳು ಅಡ್ಡ ನಿಲ್ಲುತ್ತವೆ. ಬಲ ಬರುವುದು ಅಲ್ಲಿಂದ.

ಹೋದ ಮಳೆಗಾಲದಲ್ಲಿ ತೆಳು ಬ್ರಾಕೆಟ್‌ಗಳ ಒಂದು ಲಾಟ್ ಫೇಲ್ ಆಯಿತು. ಗಟ್ಟಿತನ ಅಳೆಯುವ ಬ್ರಿನೆಲ್ ಲೆಕ್ಕದಲ್ಲಿ 95ರ ಹತ್ತಿರ ಬರಬೇಕಿತ್ತು, ಕೆಲವು 78, 80 ತೋರಿಸಿದವು. ಫರ್ನೇಸ್‌ನ ಬಿಸಿ ದಾಖಲಿಸುವ ಚಾರ್ಟ್ ನೋಡಿದೆ, ಗೆರೆ ನೆಟ್ಟಗಿತ್ತು. ಏಜಿಂಗ್ ಓವನ್‌ನ ಬಿಸಿ ಅಳೆಯುವ ಥರ್ಮೋಕಪಲ್ ಬದಲಿಸಿದೆ. ಎರಡು ದಿನ ಹೀಗೇ ಹೋಯಿತು.

ಕೊನೆಗೆ, ಹಾಯಿಸ್ಟ್ (ಎತ್ತುವ ಯಂತ್ರ) ಫರ್ನೇಸ್‌ನಿಂದ ನೀರಿಗೆ ಒಯ್ಯುವ ಬ್ಯಾಸ್ಕೆಟ್‌ನಲ್ಲಿ ಯಾವ ಬ್ರಾಕೆಟ್ ಎಲ್ಲಿತ್ತು ಅಂತ ಗುರುತು ಹಾಕುತ್ತಾ ಹೋದೆ. ನಡುವಿನವು ಸರಿಯಿದ್ದವು. ಅಂಚಿನವು ಮಾತ್ರ ಮೆತ್ತಗೆ. ಪಕ್ಕದಲ್ಲಿ ನಿಂತಿದ್ದ ಹಿರಿಯ ಆಪರೇಟರ್ ಹೇಳಿದರು, "ಅವತ್ತು ಹಾಯಿಸ್ಟ್ ಸಿಕ್ಕಾಕ್ಕೊಂಡಿತ್ತಲ್ಲ ಸಾರ್. ಬಾಗಿಲು ತೆಗೆದ ಮೇಲೆ ಬ್ಯಾಸ್ಕೆಟ್ ಒಂದು ನಿಮಿಷ ಗಾಳೀಲೇ ನೇತಾಡ್ತಿತ್ತು."

ಆ ಒಂದು ನಿಮಿಷದಲ್ಲಿ ಅಂಚಿನವು ಗಾಳಿಗೇ ಆರಿಬಿಟ್ಟಿದ್ದವು. ಕರಗಿದ್ದು ಅಲ್ಲೇ ದಪ್ಪ ದಪ್ಪ ಕಣಗಳಾಗಿ ಕೂತುಬಿಟ್ಟಿತ್ತು. ಆಮೇಲೆ ಓವನ್‌ನಲ್ಲಿ ಎಷ್ಟು ಹೊತ್ತು ಇಟ್ಟರೂ ಸಣ್ಣ ಕಣಗಳಾಗಲು ಸಾಕಷ್ಟು ಉಳಿದಿರಲಿಲ್ಲ. ಅವರನ್ನು ನಾನು ಮೊದಲೇ ಕೇಳಬೇಕಿತ್ತು. ಚಾರ್ಟ್ ಫರ್ನೇಸ್ ಒಳಗಿನದನ್ನಷ್ಟೇ ಬರೆಯುತ್ತದೆ, ಬಾಗಿಲಿನಿಂದ ನೀರಿನವರೆಗಿನ ದಾರಿ ಕಂಡದ್ದು ಅವರಿಗೆ.

ಪುಣ್ಯಕ್ಕೆ ಲಾಟ್ ಗುಜರಿಗೆ ಹೋಗಲಿಲ್ಲ. 6061ನ್ನು ಮತ್ತೆ 530ಕ್ಕೆ ಕಾಯಿಸಿದರೆ ಎಲ್ಲ ಮತ್ತೆ ಕರಗುತ್ತದೆ. ಹಾಯಿಸ್ಟ್ ರಿಪೇರಿ ಮಾಡಿಸಿ, ಸ್ಟಾಪ್‌ವಾಚ್ ಹಿಡಿದು ನಾನೇ ಟ್ಯಾಂಕ್ ಪಕ್ಕ ನಿಂತೆ. ಬಾಗಿಲು ತೆರೆದಾಗಿನಿಂದ ಬ್ಯಾಸ್ಕೆಟ್ ಪೂರ್ತಿ ಮುಳುಗುವವರೆಗೆ 11 ಸೆಕೆಂಡ್. ಮರುದಿನ ಏಜಿಂಗ್ ಮುಗಿಸಿ ನೋಡಿದರೆ ನಡುವಿನದು 96, ಅಂಚಿನದು 95.