ಗೀರು ನೋಡುವ ಮೇಷ್ಟ್ರು

ಖನಿಜಶಾಸ್ತ್ರದ ನಮ್ಮ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಹಳೆಯ ಸಹಪಾಠಿಗಳೆಲ್ಲ ನೆನೆದದ್ದು ಅವರ ಸಿಟ್ಟನ್ನೇ. ಎಂ.ಎಸ್ಸಿ. ಪಠ್ಯದ ಒಂದು ಪುಟವೂ ಯಾರಿಗೂ ನೆನಪಿಲ್ಲ. ಬೈಗುಳ ಮಾತ್ರ ಎಲ್ಲರಿಗೂ ಬಾಯಿಪಾಠ.

ಅವರಿಗೆ ಸಲ್ಫೈಡ್ ಖನಿಜಗಳೆಂದರೆ ಪ್ರಾಣ, ಅದರಲ್ಲೂ ಸತುವಿನ ಸಲ್ಫೈಡ್. ಅದರ ಪದರಗಳು ಎ-ಬಿ-ಸಿ ಸರದಿಯಲ್ಲಿ ಕೂತರೆ ಸ್ಫ್ಯಾಲರೈಟ್, ಎ-ಬಿ, ಎ-ಬಿ ಎಂದು ಕೂತರೆ ವುರ್ಟ್‌ಜೈಟ್. ನಡುವೆ ಒಂದು ಪದರ ಸರದಿ ತಪ್ಪಿದರೆ? ಎಕ್ಸ್-ರೇ ಸರಾಸರಿ ಹೇಳಿ ಸುಮ್ಮನಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ತಪ್ಪಿದ ಪದರವನ್ನೇ ಹಿಡಿಯಬಹುದು. ಇಂಥ ತಪ್ಪುಗಳು ಹೆಚ್ಚಿದ್ದರೆ ವಿವರ್ತನೆಯ ಚಿತ್ರದಲ್ಲಿ, ಅಂದರೆ ಹರಳನ್ನು ಹಾದು ಚದುರಿದ ಎಲೆಕ್ಟ್ರಾನುಗಳು ಮೂಡಿಸುವ ಚುಕ್ಕೆಗಳ ಚಿತ್ರದಲ್ಲಿ, ಚುಕ್ಕೆಯಿಂದ ಚುಕ್ಕೆಗೆ ಗೀರು ಬೀಳುತ್ತದೆ. “ಚುಕ್ಕೆ ಬಿಡ್ರೋ, ಗೀರು ನೋಡಿ” ಅನ್ನುತ್ತಿದ್ದರು. ಮಾದರಿಯನ್ನು ಜೋರಾಗಿ ಅರೆದರೆ ಮಾತ್ರ ಕೆಂಡವಾಗುತ್ತಿದ್ದರು. ವುರ್ಟ್‌ಜೈಟನ್ನು ಅರೆಯುತ್ತ ಹೋದರೆ ಪದರಗಳು ಜಾರಿ ಸ್ಫ್ಯಾಲರೈಟ್ ಆಗತೊಡಗುತ್ತದೆ. “ಕಲ್ಲು ಮಾಡಿದ ತಪ್ಪು ಬೇಕು ನನಗೆ, ನೀನು ಮಾಡಿದ್ದಲ್ಲ!”

ಆಗ ಚಿತ್ರಗಳೆಲ್ಲ ಫಿಲ್ಮಿನ ಮೇಲೆ. ಡಾರ್ಕ್ ರೂಮಿನಲ್ಲಿ ತೊಳೆದು, ಒಣಗಿಸಿ, ಅವರ ಮೇಜಿಗೆ ಮುಟ್ಟಿಸುವ ಕೆಲಸ ನಮ್ಮದು. ಒಂದು ಸಂಜೆ ನಾನೂ ಗೆಳೆಯನೂ ಸೀಸದ ಸಲ್ಫೈಡ್ ಆದ ಗೆಲೀನಾದ ಫಿಲ್ಮೊಂದಕ್ಕೆ ಸ್ಫ್ಯಾಲರೈಟ್ ಚೀಟಿ ಅಂಟಿಸಿ ಕಟ್ಟಿನೊಳಗೆ ಸೇರಿಸಿದೆವು. ಒಂದೇ ದಿಕ್ಕಿನಿಂದ ತೆಗೆದರೆ ಎರಡರ ಚುಕ್ಕೆಗಳ ಜೋಡಣೆಯೂ ಒಂದೇ. ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕಿನ, ಅಂದರೆ ಘಟಕ ಕೋಶದ, ಅಂಚು ಒಂದಕ್ಕೆ 5.41 ಆಂಗ್‌ಸ್ಟ್ರಾಮ್, ಇನ್ನೊಂದಕ್ಕೆ 5.94, ಬರಿಗಣ್ಣಿಗೆ ಹೇಗೆ ತಿಳಿದೀತು ಎಂದು ನಮ್ಮ ಧೈರ್ಯ. ಮೇಷ್ಟ್ರು ಫಿಲ್ಮನ್ನು ಬೆಳಕಿಗೆ ಹಿಡಿದರು. ಸ್ಕೇಲು ಮುಟ್ಟಲೇ ಇಲ್ಲ, ಚುಕ್ಕೆಗಳ ನಡುವೆ ಒಂದು ಗೀರೂ ಇಲ್ಲದ್ದೇ ಸಾಕಾಯಿತು. “ಸ್ಫ್ಯಾಲರೈಟಿಗೆ ಇಷ್ಟು ಶಿಸ್ತು ಯಾವಾಗ ಬಂತಪ್ಪಾ?”

ಶಿಕ್ಷೆಯಾಗಿ ಸಿಕ್ಕಿದ್ದು ಪಿರೋಟೈಟ್ ಎಂಬ ಕಬ್ಬಿಣದ ಸಲ್ಫೈಡಿನ ಫಿಲ್ಮುಗಳ ರಾಶಿ. ಅದರಲ್ಲಿ ಕಬ್ಬಿಣದ ಕೆಲವು ಜಾಗಗಳು ಖಾಲಿ. ಆ ಖಾಲಿಗಳೂ ತಮ್ಮದೇ ಕ್ರಮದಲ್ಲಿ ಕೂರುತ್ತವೆ, ಒಂದೇ ಕಣದೊಳಗೆ ಇಲ್ಲೊಂದು ಕ್ರಮ, ಅಲ್ಲೊಂದು ಕ್ರಮ. ಗೆಳೆಯ ವಾರದೊಳಗೆ ಕೈಯೆತ್ತಿದ. ನನಗೆ ಅದೇ ಮುಂದೆ ಪಿಎಚ್.ಡಿ. ಆಯಿತು. ನಮ್ಮ ತಂಡದಲ್ಲಿ ಮೊದಲು ಮುಗಿಸಿದವನು ನಾನೇ. ನಾನು ಹೇಳದಿದ್ದರೆ ಸಹಪಾಠಿಗಳಂತೂ ಹೇಳುವವರಲ್ಲ.

ಈಗಿನ ಯಂತ್ರಗಳು ಪರಮಾಣುಗಳ ಸಾಲನ್ನೇ ಪರದೆಯ ಮೇಲೆ ತೋರಿಸುತ್ತವೆ, ಖನಿಜದ ಹೆಸರನ್ನು ಸಾಫ್ಟ್‌ವೇರ್ ಹೇಳುತ್ತದೆ. ನೋಡುವ ವ್ಯವಧಾನ ಮಾತ್ರ ಹೋಗಿದೆ. ಮೊನ್ನೆ ನನ್ನ ವಿದ್ಯಾರ್ಥಿಯೊಬ್ಬ ಗೀರುಗಳನ್ನೆಲ್ಲ ‘ನಾಯ್ಸ್’ ಎಂದು ಅಳಿಸಿ, ಚೊಕ್ಕ ಚಿತ್ರ ತಂದು ತೋರಿಸಿದ. ಮೇಷ್ಟ್ರ ಹಾಗೆ ಬೈಯುವ ಕಾಲ ಇದಲ್ಲ, ದೂರು ಹೋಗುತ್ತದೆ. ಪಿರೋಟೈಟ್ ಕೊಟ್ಟು ಕಳಿಸಿದ್ದೇನೆ.